ಸೊನೆ ವಾಸನೆಯ ಸೇವಂತಿಗೆ

ನನಗೆ ಮೊದಲ ಕೆಲಸ ಸಿಕ್ಕಿದ್ದು ಮೂಗಿನಿಂದ. ಹೀಗೆಂದರೆ ಇವತ್ತಿಗೂ ಜನ ನಗುತ್ತಾರೆ. ನಗಲಿ, ನನಗೇನೂ ಬೇಜಾರಿಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಎಸ್ಸೆಸ್ಸೆಲ್ಸಿ ಪಾಸಾಗಿ, ಮುಂದೆ ಓದುವ ದಾರಿ ಕಾಣದೆ, ಲಕ್ಕೂರಿನ ಹತ್ತಿರದ ನಮ್ಮೂರಿನಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ದುಕೊಂಡು ಇದ್ದೆ. ಮಾಲೂರಿಗೆ ಹೋಗುವ ದಾರಿಯಲ್ಲಿ ಸರ್ಕಾರದ ಒಂದು ಹೂವಿನ ತೋಟ ಶುರುವಾಗಿತ್ತು. ಅಲ್ಲಿಗೆ ಬರೆಯುವುದಕ್ಕೂ ಮೂಸುವುದಕ್ಕೂ ಒಬ್ಬ ಹುಡುಗಿ ಬೇಕಂತೆ ಎಂದು ಯಾರೋ ಅಪ್ಪನಿಗೆ ಹೇಳಿದರು. ಮೂಸುವುದು ಒಂದು ಕೆಲಸವೇ ಎಂದು ಅಪ್ಪ ನಕ್ಕರು, ಆದರೂ ಕರೆದುಕೊಂಡು ಹೋದರು. ತೋಟದ ಲ್ಯಾಬು ನೋಡಿಕೊಳ್ಳುತ್ತಿದ್ದ ಮೇಡಂ ಐದು ಶೀಸೆಗಳನ್ನು ಸಾಲಾಗಿ ಇಟ್ಟು, ಮುಚ್ಚಳ ತೆಗೆದು, ಯಾವುದರಲ್ಲಿ ಏನಿದೆ ಹೇಳು ಎಂದರು. ಕರ್ಪೂರ, ಲವಂಗ, ನಿಂಬೆ ಸಿಪ್ಪೆ, ದವನ ಎಂದೆ. ಐದನೆಯದರಲ್ಲಿ ಬರೀ ನೀರಿದೆ, ಆದರೆ ಈ ಶೀಸೆಯಲ್ಲಿ ಹಿಂದೆ ಯಾವಾಗಲೋ ಸೀಮೆಎಣ್ಣೆ ಇತ್ತು ಎಂದೆ. ಅವರು ತಾವೂ ಮೂಸಿದರು. ತಮಗೇನೂ ಗೊತ್ತಾಗಲಿಲ್ಲವೆಂದು ಶೀಸೆಯನ್ನು ಪಕ್ಕಕ್ಕಿಟ್ಟು, ಸೋಮವಾರದಿಂದ ಬಾ ಎಂದರು.

ಆ ಮೂಗು ನನ್ನ ಸ್ವಂತದ್ದಲ್ಲ, ಅಮ್ಮನಿಂದ ಬಂದದ್ದು. ಅಮ್ಮನ ಮೂಗಿನ ಮುಂದೆ ನನ್ನದು ಏನೇನೂ ಅಲ್ಲ. ದೇವರ ಎಡೆಗೆ ಮಾಡುವ ಅಡಿಗೆಯನ್ನು ಮೊದಲು ಬಾಯಿಗೆ ಹಾಕಿಕೊಳ್ಳುವಂತಿಲ್ಲವಲ್ಲ, ಉಪ್ಪು ಸರಿಯಾಗಿದೆಯೋ ಇಲ್ಲವೋ ನೋಡುವುದು ಹೇಗೆ? ಅಮ್ಮ ಕುದಿಯುವ ಸಾರಿನ ಹಬೆಯನ್ನು ಅಂಗೈಯಿಂದ ಮೂಗಿನ ಕಡೆಗೆ ಎಳೆದುಕೊಂಡು, ಇನ್ನೊಂದು ಚಿಟಿಕೆ ಹಾಕು ಎನ್ನುತ್ತಿದ್ದಳು. ಉಪ್ಪಿಗೆ ವಾಸನೆಯೇ ಇಲ್ಲವೆಂದು ಮೇಡಂ ಆಮೇಲೆ ನನಗೆ ಹೇಳಿಕೊಟ್ಟರು. ಇರಲಿಕ್ಕಿಲ್ಲ. ಅಮ್ಮನ ಅಂದಾಜು ತಪ್ಪಿದ್ದನ್ನಂತೂ ನಾನು ಕಾಣೆ. ಊರಲ್ಲಿ ಯಾರ ಮನೆಯಲ್ಲಿ ಎಡೆಯಿದ್ದರೂ ಹಿಂದಿನ ದಿನವೇ ಅಮ್ಮನಿಗೆ ಹೇಳಿಕಳಿಸುತ್ತಿದ್ದರು. ಅಮ್ಮ ಹೋಗಿ ಒಲೆಯ ಮುಂದೆ ಕೂತರೆ ಉಳಿದ ಹೆಂಗಸರು ತರಕಾರಿ ಹೆಚ್ಚಿಕೊಂಡು ದೂರದಲ್ಲಿ ಇರುತ್ತಿದ್ದರು. ಅಮ್ಮನಿಗೆ ಅದೊಂದೇ ಹೆಮ್ಮೆ. ಬೇರೆ ಒಡವೆ ವಸ್ತ್ರದ ಹೆಮ್ಮೆ ಪಡುವಷ್ಟು ನಮ್ಮಲ್ಲಿ ಇರಲೂ ಇಲ್ಲ.

ಅಮ್ಮನ ತವರು ಶ್ರೀನಿವಾಸಪುರದ ಕಡೆ. ಮಾವಿನ ತೋಪಿನ ನಡುವೆ ಹುಟ್ಟಿ ಬೆಳೆದವಳು, ಮನೆಮಾತು ತೆಲುಗು. ಮದುವೆಯಾಗಿ ನಮ್ಮೂರಿಗೆ ಬಂದ ಮೇಲೆ ಕನ್ನಡ ಕಲಿತಳು. ಸಿಟ್ಟು ಬಂದರೂ ಸಂತೋಷವಾದರೂ ಮೊದಲು ಹೊರಗೆ ಬರುತ್ತಿದ್ದದ್ದು ತೆಲುಗೇ. ಸೇವಂತಿಗೆಯನ್ನು ಕೊನೆಯವರೆಗೂ ಚಾಮಂತಿ ಎಂದೇ ಕರೆದಳು.

ನಾನು ಕೆಲಸಕ್ಕೆ ಸೇರುವ ಹಿಂದಿನ ವರ್ಷ ಅಮ್ಮನಿಗೆ ಜ್ವರ ಬಂತು. ಹದಿನೈದು ದಿನ ಮಲಗಿದ್ದಳು. ಜ್ವರ ಬಿಟ್ಟಿತು, ಮೂಗು ಕಟ್ಟಿದ್ದು ಬಿಡಲಿಲ್ಲ. ನೆಗಡಿ ಇರಬೇಕೆಂದು ತುಂಬೆ ಸೊಪ್ಪಿನ ಹಬೆ ಕೊಟ್ಟೆವು. ಕೊನೆಗೆ ಮೂಗು ಬಿಟ್ಟಿತು, ಉಸಿರು ಸರಾಗವಾಯಿತು, ವಾಸನೆ ಮಾತ್ರ ಬರಲಿಲ್ಲ. ಬೆಳ್ಳುಳ್ಳಿ ಜಜ್ಜಿ ಹಿಡಿದೆವು, ಏನೂ ಇಲ್ಲ. ಕೋಲಾರಕ್ಕೆ ಕರೆದುಕೊಂಡು ಹೋಗಿ ಮೂಗಿನ ಡಾಕ್ಟರಿಗೆ ತೋರಿಸಿದೆವು. ಒಳಗಿನ ನರಕ್ಕೆ ಪೆಟ್ಟಾಗಿದೆ, ವಾಪಸು ಬಂದರೂ ಬರಬಹುದು, ಬರದಿದ್ದರೂ ಇಲ್ಲ, ಮೂಗಿಗೆ ಮಾತ್ರ ದಿನಾ ಕೆಲಸ ಕೊಡುತ್ತಾ ಇರಿ, ಏನಾದರೂ ಮೂಸುತ್ತಲೇ ಇರಲಿ ಎಂದರು. ಅಮ್ಮ ಅದನ್ನು ವ್ರತದ ಹಾಗೆ ಹಿಡಿದಳು. ಬೆಳಿಗ್ಗೆ ಎದ್ದು ಕಾಫಿಪುಡಿ, ಇಂಗು, ಬೇವಿನ ಎಲೆ, ಒಂದಾದ ಮೇಲೆ ಒಂದು. ಬೇಸಿಗೆಯಲ್ಲಿ ತವರಿನಿಂದ ಬಂದ ಮಾವಿನಕಾಯಿಯ ತೊಟ್ಟು ಮುರಿದು, ಸೊನೆ ಒಸರುತ್ತಿದ್ದಂತೆ ಮೂಗಿನ ಹತ್ತಿರ ಹಿಡಿದು ಎಷ್ಟೋ ಹೊತ್ತು ಕೂತಳು. ಸೊನೆ ತಾಗಿ ತುಟಿಯ ಮೇಲೆ ಸುಟ್ಟ ಗುಳ್ಳೆ ಎದ್ದಿತು. ವಾಸನೆ ಬರಲಿಲ್ಲ. ಕರ್ಪೂರ ಹಿಡಿದರೆ ಮಾತ್ರ ಮೂಗಿನೊಳಗೆ ಸ್ವಲ್ಪ ತಣ್ಣಗಾಗುತ್ತದೆ ಎನ್ನುತ್ತಿದ್ದಳು. ವಾಸನೆಯಲ್ಲ, ಬರೀ ತಣ್ಣಗೆ.

ಆ ವರ್ಷವೇ ಕುರುಡುಮಲೆಗೆ ಹೋಗಿದ್ದೆವು. ಗಣಪತಿಗೆ ಕರಿಗಡುಬಿನ ಹರಕೆ ಹೊತ್ತುಕೊಂಡಿದ್ದ ನಮ್ಮ ಅಪ್ಪನ ಕಡೆಯವರೆಲ್ಲ ಮುಳಬಾಗಿಲಿನಲ್ಲಿ ಇಳಿದು, ಅಲ್ಲಿಂದ ಗಾಡಿಯಲ್ಲಿ ಹೋಗಿ, ಗುಡಿಯ ಹತ್ತಿರ ಮರದಡಿ ಒಲೆ ಹೂಡಿದರು. ಕಡುಬು ಕರಿಯುವವಳು ಯಾವತ್ತಿನ ಹಾಗೆ ಅಮ್ಮನೇ. ಮನೆಯಿಂದ ತಂದ ಎಣ್ಣೆ ಕಮಟು ಹತ್ತಿತ್ತು. ಡಬ್ಬಿಯ ಮುಚ್ಚಳ ತೆಗೆದರೆ ಎರಡು ಮಾರು ದೂರದವರಿಗೂ ತಿಳಿಯುವಂಥ ಕಮಟು. ಅಮ್ಮನಿಗೆ ತಿಳಿಯಲಿಲ್ಲ. ನಾನು ನೀರು ತರಲು ಹೋಗಿದ್ದೆ, ಬರುವ ಹೊತ್ತಿಗೆ ನೈವೇದ್ಯವಾಗಿ ಕಡುಬು ಎಲ್ಲರ ಕೈಗೂ ಬಂದಿತ್ತು. ಮಕ್ಕಳು ಉಗಿದರು. ದೊಡ್ಡವರು ಉಗಿಯಲಿಲ್ಲ, ಅಗಿಯುವುದನ್ನು ನಿಲ್ಲಿಸಿದರು. ಅಮ್ಮ ಒಂದು ಕಡುಬು ತಿಂದು, ಚೆನ್ನಾಗಿ ಬೆಂದಿದೆ, ಯಾಕೆ ತಿನ್ನುತ್ತಿಲ್ಲ ಎಂದು ಕೇಳಿದಳು. ಚಿಕ್ಕಮ್ಮ ಬಂದು ಅವಳ ಕೈಯಿಂದ ಜಾಲರಿ ಸೌಟು ತೆಗೆದುಕೊಂಡರು. ಬೈಯಲಿಲ್ಲ, ತೆಗೆದುಕೊಂಡರು ಅಷ್ಟೇ. ಅಲ್ಲಿಂದ ಮುಂದೆ ಎಡೆಯ ಅಡಿಗೆಗೆ ಯಾರೂ ಅಮ್ಮನಿಗೆ ಹೇಳಿಕಳಿಸಲಿಲ್ಲ. ದೂರ ಕೂತು ತರಕಾರಿ ಹೆಚ್ಚುವವರ ಸಾಲಿಗೆ ಅಮ್ಮ ಸೇರಿದಳು.

ಇನ್ನು ನನ್ನ ತೋಟದ ವಿಷಯ. ಅಲ್ಲಿದ್ದದ್ದೆಲ್ಲ ಸೇವಂತಿಗೆ, ಒಂದೇ ಹಳದಿ ತಳಿ. ಅದರ ಕಡ್ಡಿಗಳಿಗೆ ದೂರದ ಊರಲ್ಲಿ ಕಿರಣ ಹಾಯಿಸಿ ತಂದು ನೆಟ್ಟಿದ್ದರು. ಕಿರಣ ತಾಗಿದರೆ ಗಿಡದೊಳಗಿನ ಗುಣ ಅಲ್ಲೊಂದು ಇಲ್ಲೊಂದು ಕಡೆ ಬದಲಾಗಿ, ಹೊಸ ಬಣ್ಣ, ಹೊಸ ಆಕಾರ, ಹೊಸ ವಾಸನೆ ಹುಟ್ಟಬಹುದು ಎಂಬ ಆಸೆ. ಕೂಲಿಯವರ ಬಾಯಲ್ಲಿ ಅದು ಕರೆಂಟ್ ಗಿಡವಾಯಿತು. ಮೊದಮೊದಲು ಯಾರೂ ಬರಿಗಾಲಲ್ಲಿ ಆ ಸಾಲುಗಳಿಗೆ ನೀರು ಬಿಡಲು ಇಳಿಯುತ್ತಿರಲಿಲ್ಲ, ಶಾಕ್ ಹೊಡೆದೀತು ಎಂದು. ಮೇಡಂ ಒಂದು ದಿನ ಚಪ್ಪಲಿ ಬಿಟ್ಟು, ಸೀರೆ ಎತ್ತಿಕಟ್ಟಿ, ಕೆಸರಿನಲ್ಲಿ ಈ ಕೊನೆಯಿಂದ ಆ ಕೊನೆಗೆ ನಡೆದು ತೋರಿಸಿದರು. ಆಮೇಲೆ ಎಲ್ಲ ಸರಿಹೋಯಿತು.

ಹೂವು ಬಿಡಲು ಶುರುವಾದ ಮೇಲೆ ನನ್ನ ಕೆಲಸ ಬೆಳಿಗ್ಗೆ ಇಬ್ಬನಿ ಆರುವ ಮುಂಚೆ. ಒಂದೊಂದು ಗಿಡದ ಮುಂದೆಯೂ ಬಗ್ಗಿ ಮೂಸಿ, ನಂಬರಿನ ಎದುರು ವಾಸನೆ ಯಾವುದರ ಹಾಗಿದೆ ಎಂದು ಬರೆಯಬೇಕು. ಚೆನ್ನಾಗಿದೆ, ಚೆನ್ನಾಗಿಲ್ಲ ಎಂದೆಲ್ಲ ಬರೆಯುವಂತಿಲ್ಲ. ಹೊಸ ಮಡಕೆಗೆ ನೀರು ಹಾಕಿದ ಹಾಗೆ, ಹುರಿದ ರಾಗಿ ತಣ್ಣಗಾದ ಹಾಗೆ ಎಂದು ಬರೆದೆ. ಒಂದಕ್ಕೆ ಮದುವೆ ಮನೆಯ ಮಾರನೇ ದಿನದ ಹಾಗೆ ಎಂದು ಬರೆದಾಗ ಮೇಡಂ ಕೆಂಪು ಇಂಕಿನಲ್ಲಿ ಗೆರೆ ಎಳೆದು, ಇದರಿಂದ ನನಗೇನು ಉಪಯೋಗ ಎಂದು ಕೇಳಿದರು. ನಾನು ವಿಚಾರ ಮಾಡಿ, ಬಾಡಿದ ಮಲ್ಲಿಗೆ ಮತ್ತು ಆರಿದ ಊದುಬತ್ತಿ ಎಂದು ತಿದ್ದಿದೆ. ಹಾಗೆ ಬರೆದದ್ದನ್ನು ನೋಡಿ ಅವರು ಯಾವ ಗಿಡದ ಹೂವನ್ನು ಭಟ್ಟಿ ಇಳಿಸಿ ಎಣ್ಣೆ ತೆಗೆಯಬೇಕೆಂದು ಗೊತ್ತುಮಾಡುತ್ತಿದ್ದರು. ಒಂದು ಬೊಟ್ಟಿನಷ್ಟು ಎಣ್ಣೆ ಇಳಿಯಬೇಕಾದರೆ ಗಿಡದಲ್ಲಿ ಒಂದು ಹೂವೂ ಉಳಿಯುತ್ತಿರಲಿಲ್ಲ.

ಲ್ಯಾಬೆಂದರೆ ಒಂದು ಹೆಂಚಿನ ಕೋಣೆ. ಕಿಟಕಿಯಲ್ಲಿ ಕಡಲೆಕಾಯಿ ಎಣ್ಣೆಯ ಪುಟ್ಟ ಶೀಸೆಗಳು ಸಾಲಾಗಿದ್ದವು. ಒಂದರಲ್ಲಿ ಬರೀ ಎಣ್ಣೆ. ಉಳಿದವಕ್ಕೆ ಬೇರೆ ಬೇರೆ ಸಾಲಿನ ಹೂವಿನ ಎಸಳನ್ನು ನೆರಳಲ್ಲಿ ಒಣಗಿಸಿ ತೆಗೆದ ಸಾರ ಸೇರಿಸಿದ್ದರು. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದಕ್ಕೂ ಎಣ್ಣೆ ಕಮಟಾಗುವುದಕ್ಕೂ ಗಾಳಿಯೇ ಕಾರಣ, ಕೆಲವು ಹೂವಿನೊಳಗೆ ಅದನ್ನು ತಡೆಯುವ ಗುಣವಿದೆ, ಅದಕ್ಕೆ ಆಂಟಿಆಕ್ಸಿಡೆಂಟ್ ಅನ್ನುತ್ತಾರೆ ಎಂದು ಮೇಡಂ ವಿವರಿಸಿದರು. ಯಾವ ಶೀಸೆ ಮೊದಲು ಕಮಟು ಹತ್ತಿತು ಎಂದು ಹೇಳುವುದೂ ನನ್ನ ಮೂಗಿನ ಕೆಲಸವೇ. ಬರೀ ಎಣ್ಣೆಯೇ ಯಾವಾಗಲೂ ಮೊದಲು ಕೆಡುತ್ತಿತ್ತು. ನಾನು ಕುರುಡುಮಲೆಯ ಎಣ್ಣೆ ಡಬ್ಬಿಯನ್ನು ನೆನೆಸಿಕೊಂಡು, ಮನೆಗೆ ಹೋಗಿ ಒಂದು ಹಿಡಿ ಒಣಗಿದ ಸೇವಂತಿಗೆ ಎಸಳನ್ನು ನಮ್ಮ ಎಣ್ಣೆಗೆ ಸುರಿದೆ. ಎಣ್ಣೆ ಉಳಿಯಿತೋ ಇಲ್ಲವೋ ತಿಳಿಯುವ ಮುಂಚೆ, ಪಲ್ಯದಲ್ಲೆಲ್ಲ ಹೂವಿನ ಎಸಳು ಸಿಗುತ್ತಿದೆ, ಇದೇನು ಊಟವೋ ಪೂಜೆಯೋ ಎಂದು ಅಪ್ಪ ತಟ್ಟೆ ಸರಿಸಿದರು. ಅಮ್ಮ ಮಾತ್ರ ನಕ್ಕಳು. ಅವಳು ನಕ್ಕು ಬಹಳ ದಿನವಾಗಿತ್ತು.

ಡಿಸೆಂಬರಿನ ಒಂದು ಬೆಳಿಗ್ಗೆ, ಜಾಸ್ತಿ ಕಿರಣ ತಿಂದು ಕುಳ್ಳಗಾಗಿದ್ದ ಗಿಡಗಳ ಸಾಲಿನಲ್ಲಿ ಆ ಗಿಡ ಸಿಕ್ಕಿತು. ಗಿಡದ ತುಂಬ ಮಾಮೂಲಿ ಹಳದಿ ಹೂವು. ಒಂದು ಕೊಂಬೆಯಲ್ಲಿ ಮಾತ್ರ ಬೇರೆ. ಆ ಹೂವು ಹಳದಿಯೂ ಅಲ್ಲ ಹಸಿರೂ ಅಲ್ಲ, ಕಲಗಚ್ಚಿನಲ್ಲಿ ಅದ್ದಿ ತೆಗೆದಂಥ ಬಣ್ಣ, ಎಸಳು ಒಳಕ್ಕೆ ಮುದುಡಿತ್ತು. ಇಷ್ಟು ಕುರೂಪದ ಸೇವಂತಿಗೆಯನ್ನು ನಾನು ನೋಡಿರಲಿಲ್ಲ. ಬಗ್ಗಿ ಮೂಸಿದೆ. ಮೊದಲು ಕರ್ಪೂರ ಚುಚ್ಚಿತು. ಅದರ ಹಿಂದೆಯೇ ಮಾವಿನಕಾಯಿಯ ತೊಟ್ಟು ಆಗತಾನೇ ಮುರಿದಾಗ ಚಿಮ್ಮುವ ಸೊನೆಯ ವಾಸನೆ, ಅಷ್ಟೇ ಖಾರ, ಅಷ್ಟೇ ಹಸಿ. ಚಳಿಗಾಲದಲ್ಲಿ, ಮಾವು ಇನ್ನೂ ಹೂವನ್ನೇ ಬಿಡದ ಕಾಲದಲ್ಲಿ. ನಾನು ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟೆ.

ಪುಸ್ತಕದಲ್ಲಿ ಇದ್ದದ್ದನ್ನು ಇದ್ದಂತೆ ಬರೆದರೆ ಏನಾಗುತ್ತದೆಂದು ಗೊತ್ತಿತ್ತು. ನಾಳೆ ಬೆಳಿಗ್ಗೆಯೇ ಆ ಕೊಂಬೆಯ ಹೂವೆಲ್ಲ ಭಟ್ಟಿಗೆ. ಇದು ಅಮ್ಮನಿಗೆ ಬೇಕು ಎಂದು ಕೇಳಬಹುದಿತ್ತು, ಮೇಡಂ ಕಲ್ಲು ಮನಸ್ಸಿನವರೇನಲ್ಲ. ಕೇಳುವಷ್ಟು ಧೈರ್ಯ ನನಗಿರಲಿಲ್ಲ. ನಂಬರಿನ ಎದುರು ಮಾಮೂಲಿ ಎಂದು ಬರೆದೆ.

ಮುಂದಿನ ವಾರ ದೊಡ್ಡ ಸಾಹೇಬರು ಗಿಡ ಆರಿಸಲು ಬಂದರು. ಅವರಿಗೆ ಬೇಕಾದದ್ದು ಬಣ್ಣ. ಇಟ್ಟಿಗೆ ಬಣ್ಣದ್ದು, ಕೆನೆ ಬಣ್ಣದ್ದು, ಎರಡು ಬಣ್ಣ ಬೆರೆತದ್ದು, ಇವಕ್ಕೆಲ್ಲ ಕೆಂಪು ದಾರ ಕಟ್ಟಿಸಿದರು. ನನ್ನ ಗಿಡದ ಹತ್ತಿರ ನಿಲ್ಲಲೂ ಇಲ್ಲ. ದಾರ ಇಲ್ಲದ ಗಿಡಗಳನ್ನು ಕಿತ್ತು ಗುಂಡಿಗೆ ಹಾಕುವಾಗ, ಒಂದನ್ನು ಮನೆಗೆ ಒಯ್ಯಲೇ ಎಂದು ಮೇಡಮ್ಮನ್ನು ಕೇಳಿದೆ. ಅವರು ಪುಸ್ತಕ ತೆಗೆದು ನಂಬರು ನೋಡಿ, ಮಾಮೂಲಿ ಅಂತ ನೀನೇ ಬರೆದಿದ್ದೀಯಲ್ಲ, ತಗೊಂಡು ಹೋಗು ಎಂದರು. ಬೇರಿಗೆ ಮಣ್ಣು ಕಟ್ಟಿ, ಗೋಣಿ ಸುತ್ತಿ, ಲಕ್ಕೂರಿನ ಬಸ್ಸಿನಲ್ಲಿ ಮಡಿಲಿಗಿಟ್ಟುಕೊಂಡು ಕೂತೆ. ಮುಂದಿನ ಸೀಟಿನ ಮುದುಕರೊಬ್ಬರು ಎರಡು ಸಲ ತಿರುಗಿ ನೋಡಿ, ಈ ಕಾಲದಲ್ಲಿ ಮಾವಿನಕಾಯಿ ಎಲ್ಲಿ ಸಿಕ್ಕಿತಮ್ಮ ಎಂದು ಕೇಳಿದರು. ನನ್ನ ಮೂಗು ಸುಳ್ಳು ಹೇಳುತ್ತಿಲ್ಲವೆಂದು ಅಲ್ಲಿಗೆ ಖಾತ್ರಿಯಾಯಿತು.

ಅಮ್ಮ ಜಗಲಿಯ ಮೇಲೆ ರಾಗಿ ಕೇರುತ್ತಿದ್ದಳು. ಏನೂ ಹೇಳದೆ ಒಂದು ಹೂವು ಕಿತ್ತು ಕೊಟ್ಟೆ. ಡಾಕ್ಟರು ಹೇಳಿದ ಕೆಲಸದಲ್ಲಿ ಇದೂ ಒಂದೆಂದು ಅವಳು ಮೊರ ಕೆಳಗಿಡದೆಯೇ ಮೂಗಿಗೆ ಹಿಡಿದಳು. ತಣ್ಣಗಾಗುತ್ತಿದೆ ಎಂದಳು. ಆಮೇಲೆ ಮೊರ ಕೆಳಗಿಟ್ಟಳು. ಕಣ್ಣು ಮುಚ್ಚಿ ಮತ್ತೆ ಮೂಸಿದಳು, ಮತ್ತೆ ಮೂಸಿದಳು.

"ಇದಿ ಮಾ ತೋಪು ವಾಸನ ಕದೇ" ಎಂದಳು. ಇದು ನಮ್ಮ ತೋಪಿನ ವಾಸನೆ ಅಲ್ಲವೇನೇ ಎಂದು ನನ್ನನ್ನೇ ಕೇಳಿದಳು. ನಾನು ಹೌದು ಎನ್ನುವಷ್ಟರಲ್ಲಿ ಕನ್ನಡಕ್ಕೆ ಬಂದಳು: "ಸೊನೆ ಕಣೇ ಅಮ್ಮಣ್ಣಿ. ಬರ್ತಾ ಐತೆ ಕಣೇ."

ಅಮ್ಮ ಅತ್ತಳು. ನಾನೂ ಅತ್ತೆ. ಕೇರಿದ ರಾಗಿಯನ್ನು ಕೋಳಿಗಳು ಬಂದು ತಿಂದವು, ಇಬ್ಬರಿಗೂ ಓಡಿಸುವ ಮನಸ್ಸಾಗಲಿಲ್ಲ. ಬಹಳ ವರ್ಷದ ಮೇಲೆ ತಿಳಿದವರೊಬ್ಬರ ಹತ್ತಿರ ಇದನ್ನು ಹೇಳಿದಾಗ, ಕರ್ಪೂರದ ತಂಪು ಮಾತ್ರ ನಿಮ್ಮ ತಾಯಿಗೆ ತಾಗಿರುತ್ತದೆ, ಉಳಿದದ್ದನ್ನು ನೆನಪು ತುಂಬಿಕೊಟ್ಟಿರುತ್ತದೆ ಎಂದರು. ಇರಬಹುದು. ಹಾಗಾದರೆ ಬರೀ ಕರ್ಪೂರ ಹಿಡಿದಾಗ ನೆನಪು ಎಲ್ಲಿ ಹೋಗಿತ್ತು ಎಂದು ಕೇಳಿದೆ.

ಆ ಹೂವು ಇದ್ದದ್ದು ಒಂದೂವರೆ ತಿಂಗಳು. ನನ್ನ ಆಯುಸ್ಸಿನಲ್ಲಿ ಯಾವ ದಿನಗಳು ಮತ್ತೆ ಬೇಕು ಎಂದು ಯಾರಾದರೂ ಕೇಳಿದರೆ ಅವನ್ನೇ ಕೇಳುತ್ತೇನೆ. ಅಮ್ಮ ಒಲೆ ಹಚ್ಚುವ ಮುಂಚೆ ಹಿತ್ತಲಿಗೆ ಹೋಗಿ ಗಿಡದ ಮುಂದೆ ಕೂರುತ್ತಿದ್ದಳು. ದಿನಕ್ಕೆ ಒಂದೇ ಹೂವು ಕಿತ್ತು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಕೆಲಸದ ನಡುನಡುವೆ ಬಿಚ್ಚಿ ಮೂಸುತ್ತಿದ್ದಳು. ಸ್ವಲ್ಪ ದಿನದಲ್ಲಿ ಬೇರೆ ವಾಸನೆಗಳೂ ಒಂದೊಂದಾಗಿ ಹೊಸಿಲು ದಾಟಿ ಬರತೊಡಗಿದವು. ಒಂದು ದಿನ ಸಾಸಿವೆ ಸೀಯುತ್ತಿದೆ ನೋಡೇ ಎಂದು ಹಿತ್ತಲಿನಿಂದ ಕೂಗಿದಳು. ನಿಜವಾಗಿಯೂ ಸೀಯುತ್ತಿತ್ತು. ಅಪ್ಪ ಹೊಗೆ ಹೊಗೆ ಎಂದುಕೊಂಡು ಕಣ್ಣೊರೆಸಿಕೊಂಡರು. ಸಂಕ್ರಾಂತಿಯ ದಿನ ಹುಗ್ಗಿಯ ಹಬೆಯನ್ನು ಅಂಗೈಯಿಂದ ಎಳೆದುಕೊಂಡು ಸ್ವಲ್ಪ ಹೊತ್ತು ನಿಂತಳು. ಇನ್ನೂ ಸರಿಯಾಗಿ ಗೊತ್ತಾಗುತ್ತಿಲ್ಲ, ಬರುವ ವರ್ಷಕ್ಕೆ ಆಗುತ್ತದೆ ಎಂದಳು. ಅಲ್ಲಿಯತನಕ ಬರುವ ವರ್ಷದ ಮಾತನ್ನೇ ಅವಳು ಆಡಿರಲಿಲ್ಲ.

ಹೂವು ಮುಗಿದವು. ವಾಸನೆಗಳೂ ಮಬ್ಬಾಗುತ್ತಾ ಬಂದು ನಿಂತವು. ಅಮ್ಮ ಹೆದರಲಿಲ್ಲ. ಗಿಡ ಇದೆಯಲ್ಲ, ಕಾರ್ತೀಕಕ್ಕೆ ಮತ್ತೆ ಬಿಡುತ್ತದೆ ಎಂದಳು.

ಸೇವಂತಿಗೆಯನ್ನು ನಮ್ಮ ಕಡೆ ಉಳಿಸಿಕೊಳ್ಳುವ ರೀತಿ ಒಂದೇ, ಅಜ್ಜನ ಕಾಲದಿಂದ ಬಂದದ್ದು. ಹೂವು ಮುಗಿದ ಮೇಲೆ ಗಿಡವನ್ನು ನೆಲಮಟ್ಟಕ್ಕೆ ಕತ್ತರಿಸಿ, ಬುಡಕ್ಕೆ ಗೊಬ್ಬರ ಕೊಟ್ಟು ನೀರು ಬಿಟ್ಟರೆ ಬೇರಿನಿಂದ ಮರಿ ಏಳುತ್ತವೆ. ಮುಂಗಾರಿಗೆ ಆ ಮರಿಗಳನ್ನು ಕಿತ್ತು ನೆಟ್ಟರೆ ಆಯಿತು. ನಾನು ಕುಡುಗೋಲು ಮಸೆದು, ಕೈ ಅಲುಗಾಡದಂತೆ ನಾನೇ ಕತ್ತರಿಸಿದೆ, ಬೇರೆಯವರ ಕೈಗೆ ಕೊಡಲಿಲ್ಲ. ಕಡಿದ ಕೊಂಬೆಗಳನ್ನು ತಿಪ್ಪೆಗೆ ಹಾಕಿದೆ. ಬುಡಕ್ಕೆ ಸಗಣಿ ಗೊಬ್ಬರ, ಮೇಲೆ ರಾಗಿ ಹೊಟ್ಟು. ಕೋಳಿ ಕೆದಕದಂತೆ ಸುತ್ತ ಮುಳ್ಳು ಇಟ್ಟೆ. ಎಳೆಮಗುವಿಗೆ ಹೊದಿಸಿದ ಹಾಗೆ ಹೊದಿಸಿದ್ದೀಯ ಎಂದು ಅಮ್ಮ ಹೇಳಿದ್ದಕ್ಕೆ ಉಬ್ಬಿಹೋದೆ.

ಎರಡು ವಾರದ ಮೇಲೆ ತೋಟದಲ್ಲಿ ಕೆಂಪು ದಾರದ ಗಿಡಗಳ ಮುಂದೆ ಮೇಡಂ ಕೂತಿದ್ದರು. ಬಣ್ಣ ಬದಲಾದ ಕೊಂಬೆಯ ತುದಿಯನ್ನೇ ಬ್ಲೇಡಿನಿಂದ ಕತ್ತರಿಸಿ ಮರಳಿನಲ್ಲಿ ನೆಡುತ್ತಿದ್ದರು. ಬುಡದಲ್ಲಿ ಬೇಕಾದಷ್ಟು ಮರಿ ಇವೆಯಲ್ಲ, ಈ ಕಷ್ಟ ಯಾಕೆ ಎಂದು ಕೇಳಿದೆ. ಬುದ್ಧಿವಂತೆಯ ಹಾಗೆಯೇ ಕೇಳಿದೆ.

"ಬದಲಾಗಿರೋದು ಈ ಕೊಂಬೆ ಮಾತ್ರ. ಬೇರಿಗೆ ಏನೂ ಆಗಿಲ್ಲ. ಬೇರಿನಿಂದ ಬರೋದೆಲ್ಲ ಹಳೇ ಹಳದಿ ಹೂವೇ" ಎಂದರು.

ಹಾಗಾದರೆ ಕಿರಣ ಇನ್ನೊಂದು ಸಲ ಕೊಟ್ಟರೆ ಅದೇ ಕೊಂಬೆ ಮತ್ತೆ ಬರುವುದಿಲ್ಲವೇ ಎಂದೆ. ಅವರು ತಲೆ ಎತ್ತದೆ ನಕ್ಕು, ಒಂದು ಸಲ ಹೊಡೆದ ಲಾಟರಿ ನಂಬರೇ ಮತ್ತೆ ಹೊಡೆಯುವುದುಂಟೇ ಎಂದರು. ಮಧ್ಯಾಹ್ನಕ್ಕೇ ಹೊಟ್ಟೆನೋವೆಂದು ಹೇಳಿ ಹೊರಟೆ. ಬಸ್ಸಿಗೆ ಕಾಯದೆ ಅರ್ಧ ದಾರಿ ನಡೆದೆ. ತಿಪ್ಪೆಯನ್ನು ಕೈಯಿಂದಲೇ ಬಗೆದೆ. ಕೊಂಬೆಗಳು ಸಿಕ್ಕಿದವು, ಯಾವುದು ಯಾವುದೆಂದು ಗುರುತು ಸಿಗಲಿಲ್ಲ, ಎಲ್ಲವೂ ಗಣೆಯ ಹಾಗೆ ಒಣಗಿದ್ದವು. ಮೂಸಿ ನೋಡಿದೆ, ಗೊಬ್ಬರದ ವಾಸನೆ ಬಿಟ್ಟು ಬೇರೆ ಇಲ್ಲ. ಆದರೂ ಎಲ್ಲವನ್ನೂ ಮರಳಿನಲ್ಲಿ ಊರಿ ತಿಂಗಳುಗಟ್ಟಲೆ ನೀರು ಹಾಕಿದೆ. ಯಾಕೆಂದು ಅಮ್ಮ ಕೇಳಿದ್ದಕ್ಕೆ, ತೋಟದಲ್ಲಿ ಹೇಳಿದ್ದಾರೆ, ಸುಮ್ಮನಿರು ಎಂದು ಸಿಡುಕಿದೆ. ನನ್ನ ತಪ್ಪಿಗೆ ಅವಳ ಮೇಲೆ ಸಿಡುಕುವುದು ಆವತ್ತಿನಿಂದ ಶುರುವಾಯಿತು. ಒಂದು ಕಡ್ಡಿಯೂ ಚಿಗುರಲಿಲ್ಲ.

ಬುಡದ ಮರಿಗಳು ಮಾತ್ರ ಹುಲುಸಾಗಿ ಎದ್ದವು. ಅಮ್ಮ ಅವನ್ನು ಬಿಡಿಸಿ ಹಿತ್ತಲಿನಲ್ಲಿ ಒಂದು ಮಡಿಯ ತುಂಬ ನೆಟ್ಟಳು. ಆ ಒಂಬತ್ತು ತಿಂಗಳು ಅವಳು ಕಾದದ್ದನ್ನು ನಾನು ಬರೆಯಲಾರೆ. ಬೆಳಿಗ್ಗೆ ಎದ್ದರೆ ಹಿತ್ತಲು, ಸಂಜೆಯಾದರೆ ಹಿತ್ತಲು. ಎಲೆಯನ್ನು ಉಜ್ಜಿ ಮೂಸುವಳು, ಇನ್ನೂ ಬಂದಿಲ್ಲ, ಹೂವಿನಲ್ಲಿ ತಾನೇ ಬರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುವಳು. ನನಗೆ ಗೊತ್ತಿತ್ತು. ಪ್ರತಿ ದಿನ ಇವತ್ತು ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ, ಮೇಡಂ ಹೇಳಿದ್ದು ಒಂದು ವೇಳೆ ಸುಳ್ಳಾದರೆ ಎಂದು ಮುಂದಕ್ಕೆ ಹಾಕುತ್ತಿದ್ದೆ. ಬೇರು ನನ್ನ ಮೇಲೆ ಕರುಣೆ ತೋರಿಸೀತು ಎಂದು ಕಾಯುವಷ್ಟು ದಡ್ಡಿಯಾಗಿದ್ದೆ.

ಕಾರ್ತೀಕದಲ್ಲಿ ಮೊಗ್ಗು ಬಿರಿದವು. ಅಪ್ಪಟ ಹಳದಿ, ದುಂಡಗೆ, ಮಾರ್ಕೆಟ್ಟಿಗೆ ಹೋಗುವಂಥ ಹೂವು. ಎಲ್ಲವೂ ಹಳದಿಯೇ, ಆ ಬಣ್ಣದ್ದು ಒಂದೂ ಇಲ್ಲವಲ್ಲ ಎಂದು ಅಮ್ಮ ಅಳುಕಿದಳು. ಮಣ್ಣಿನ ಗುಣಕ್ಕೆ ಬಣ್ಣ ತಿರುಗುತ್ತದೆ ಎಂದೆ. ಅವಳು ಕೈ ತೊಳೆದು ಬಂದು, ಮಡಿಯ ಮುಂದೆ ಕೂತು, ಮೊದಲ ಹೂವನ್ನು ಕೀಳದೆ ಹಾಗೇ ಬಗ್ಗಿ ಮೂಸಿದಳು. ಎರಡನೆಯದು. ಮೂರನೆಯದು. ಆಮೇಲೆ ನನ್ನ ಕಡೆ ನೋಡಿ, ನೀನು ಮೂಸು ಎಂದಳು. ನಾನು ಮೂಸಿದೆ. ಸೇವಂತಿಗೆಯ ಮಾಮೂಲಿ ಕಹಿ ಸೊಪ್ಪಿನ ವಾಸನೆ, ಅಷ್ಟೇ.

"ಸೊನೆ ವಾಸನೆ ಐತೇನೇ?"

ಇಲ್ಲ ಎಂದರೆ ಯಾಕಿಲ್ಲ ಎನ್ನುತ್ತಾಳೆ. ಯಾಕಿಲ್ಲ ಎಂದರೆ ಕತ್ತರಿಸಿದವಳು ನಾನು, ಪುಸ್ತಕದಲ್ಲಿ ಮಾಮೂ​ಲಿ ಎಂದು ಬರೆದವಳು ನಾನು. ಇಷ್ಟೆಲ್ಲ ಯೋಚಿಸಲು ಕಣ್ಣು ಮಿಟುಕಿಸುವಷ್ಟೂ ಹೊತ್ತಾಗಲಿಲ್ಲ.

"ಐತಮ್ಮ" ಎಂದೆ.

ಅಮ್ಮ ತಲೆಯಾಡಿಸಿದಳು. ಇನ್ನೊಂದನ್ನು ಮೂಸಿ ನೋಡಲಿಲ್ಲ. ಅರಳಿದ್ದ ಹೂವನ್ನೆಲ್ಲ ಮಡಿಲಿಗೆ ಬಿಡಿಸಿಕೊಂಡು ಜಗಲಿಗೆ ಬಂದು, ಬಾಳೆ ನಾರಿನಲ್ಲಿ ಕಟ್ಟಿ, ನನ್ನನ್ನು ಮುಂದೆ ಕೂರಿಸಿಕೊಂಡು ಮುಡಿಸಿದಳು. ಅಷ್ಟು ಒಳ್ಳೆಯ ವಾಸನೆಯ ಹೂವು ಸುಮ್ಮನೆ ಗಿಡದಲ್ಲಿ ಒಣಗುವುದು ಯಾಕೆ, ನೀನಾದರೂ ಮುಡಿದುಕೋ ಎಂದಳು. ನಾನು ಅದನ್ನು ಮುಡಿದುಕೊಂಡೇ ಕೆಲಸಕ್ಕೆ ಹೋದೆ. ದಾರಿಯುದ್ದಕ್ಕೂ ತಲೆ ಭಾರವಾಗಿತ್ತು.

ಅಂದಿನಿಂದ ಅಮ್ಮ ಮೂಸುವುದನ್ನು ಬಿಟ್ಟಳು. ಕಾಫಿಪುಡಿ ಇಲ್ಲ, ಇಂಗಿಲ್ಲ. ಬೇಸಿಗೆಯಲ್ಲಿ ತವರಿನಿಂದ ಮಾವಿನಕಾಯಿ ಮೂಟೆ ಬಂದರೆ ತೊಟ್ಟಿನ ಕಡೆ ನೋಡದೆ ಉಪ್ಪಿನಕಾಯಿಗೆ ಹೆಚ್ಚಿದಳು. ಹಾಲು, ಎಣ್ಣೆ, ಸಾರು, ಎಲ್ಲವನ್ನೂ ನನ್ನ ಮುಂದೆ ಹಿಡಿದು, ನೋಡೇ ಎನ್ನುತ್ತಿದ್ದಳು. ನಾನು ಸರಿಯಿದೆ ಎಂದರೆ ಸರಿ, ಕೆಟ್ಟಿದೆ ಎಂದರೆ ಚೆಲ್ಲುತ್ತಿದ್ದಳು, ಎರಡನೇ ಮಾತಿಲ್ಲ. ಆ ನಂಬಿಕೆಯನ್ನು ಹೊತ್ತುಕೊಂಡು ಐದಾರು ವರ್ಷ ಕಳೆದೆ.

ನನ್ನ ಮದುವೆ ಗೊತ್ತಾಗಿ, ಇನ್ನು ಈ ಮನೆಯಲ್ಲಿ ಹಾಲು ಮೂಸುವವರು ಯಾರು ಎಂದು ಅಪ್ಪ ತಮಾಷೆ ಮಾಡಿದ ದಿನ ನನಗೆ ತಡೆಯಲಾಗಲಿಲ್ಲ. ಮಧ್ಯಾಹ್ನ ಅವಳೊಬ್ಬಳೇ ಇದ್ದಾಗ ಎಲ್ಲ ಹೇಳಿದೆ. ಪುಸ್ತಕದ ಸುಳ್ಳು, ಕೊಂಬೆ, ತಿಪ್ಪೆ, ಕೊನೆಗೆ ಆ ಐತಮ್ಮ. ಹೂವಿನಲ್ಲಿ ಸೊನೆ ವಾಸನೆಯೇ ಇರಲಿಲ್ಲ, ನಿನ್ನ ಮೂಗಿನದು ಏನೂ ತಪ್ಪಿರಲಿಲ್ಲ ಎಂದೆ. ಬೈಯಲಿ, ಹೊಡೆಯಲಿ ಎಂದು ಕೂತಿದ್ದೆ. ಅಮ್ಮ ಮದುವೆಯ ಅಕ್ಕಿ ಆರಿಸುತ್ತಿದ್ದಳು.

"ಆವತ್ತೇ ಹೇಳಿದ್ದಿದ್ರೆ ಇನ್ನೊಂದು ಹೂವು ಮೂಸಿ ನೋಡ್ತಿದ್ದೆ ಕಣೇ" ಎಂದಳು. ಆಮೇಲೆ ಮೊರದಲ್ಲಿದ್ದ ಕಲ್ಲೊಂದನ್ನು ತೆಗೆದು ಆಚೆ ಹಾಕಿದಳು.